ಕೈವಾರ ಮತ್ತು ಆರು ಅಂಗಿ

"ಬಿಡ್ರೀ! ಮೊದಲು ಕೈ ಹಾಕಿದ್ದು ನಾನು!"

"ಬರೀ ಕೈಯಲ್ಲಿ ಮುಟ್ಟಬೇಡಿ ಮೇಡಂ... ನೂರು ವರ್ಷದ ಹಿತ್ತಾಳೆ ಅದು!"

ಹಳೇ ಸಾಮಾನಿನ ಅಂಗಡಿಯಲ್ಲಿ ಕೈವಾರದ ಒಂದು ಕಾಲು ದರ್ಜಿ ಹುಡುಗಿಯ ಕೈಯಲ್ಲಿತ್ತು, ಇನ್ನೊಂದು ಕಾಲು ಕನ್ನಡಕದಂಗಡಿಯವನ ಕೈಯಲ್ಲಿ. ಅವಳಿಗೆ ಅದು ಬೇಕಿದ್ದದ್ದು ಕಾಲರಿಗೆ ದುಂಡು ಗೀರು ಹಾಕಲು. ಅವನೋ, ನಕ್ಷೆ ಬರೆಯುವ ಹಳೆಯ ಸಲಕರಣೆಗಳನ್ನು ಹುಡುಕಿ ಹುಡುಕಿ ಕೂಡಿಡುವವನು.

ಅಂಗಡಿಯ ಮುದುಕ ಬೇಸತ್ತು ಕೈವಾರವಿದ್ದ ಸಲಕರಣೆ ಪೆಟ್ಟಿಗೆಯನ್ನು ಅವನತ್ತ ತಳ್ಳಿದ. "ಪೆಟ್ಟಿಗೆ ಇವರಿಗೆ, ಕೈವಾರ ಆ ಹುಡುಗಿಗೆ. ನನ್ನ ತಲೆ ತಿನ್ನಬೇಡಿ!"

ಪೆಟ್ಟಿಗೆಯ ಮಖಮಲ್ಲಿನಲ್ಲಿ ಕೈವಾರದ ಗೂಡು ಖಾಲಿ ಉಳಿಯಿತು. ಮರುವಾರವೇ ಅವನು ಅವಳ ಹೊಲಿಗೆ ಅಂಗಡಿಗೆ ಬಂದ.

"ಅಂಗಿ ಹೊಲಿಸಬೇಕಿತ್ತು."

ಕಣ್ಣು ಮಾತ್ರ ಕೈವಾರದ ಮೇಲೆ! ಅವಳು ಅದಕ್ಕೆ ಸೀಮೆಸುಣ್ಣ ಸಿಕ್ಕಿಸಿ ಬಟ್ಟೆಗೆ ಊರಿದರೆ ತನಗೇ ಸೂಜಿ ಚುಚ್ಚಿದಂತೆ ಮುಖ ಕಿವುಚಿದ. "ಮೆಲ್ಲಗೆ... ತಿರುಪು ಸಡಿಲ ಆಗುತ್ತೆ!"

ಆರು ವಾರ, ಆರು ಅಂಗಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಗಮನ ಎಲ್ಲೋ ಹೋಗಿ ತೋಳು ಮೊಣಕೈಗೇ ನಿಂತಿತ್ತು. ಅದನ್ನೂ ಹಾಕಿಕೊಂಡು ಬಂದ, ಪುಣ್ಯಾತ್ಮ!

ಗುಂಡಿ ಹೊಲಿಯುತ್ತಿದ್ದ ಸೋದರತ್ತೆ ಕೇಳಿದಳು, "ಇವನಿಗೇನು ಹತ್ತು ಮೈ ಇದೆಯೇನೇ?"

"ಅವರಿಗೆ ಬೇಕಿರೋದು ಕೈವಾರ ಅತ್ತೆ... ನಾನಲ್ಲ." ಅವಳ ಕಣ್ಣು ತುಂಬಿತು.

ಏಳನೆಯ ವಾರ ಅವಳು ಕೈವಾರವನ್ನು ಬಟ್ಟೆಯಲ್ಲಿ ಸುತ್ತಿ ಅವನ ಮುಂದಿಟ್ಟಳು. "ತಗೊಳ್ಳಿ. ಇನ್ನು ಅಂಗಿಯ ನೆಪ ಬೇಡ. ಇತ್ತ ಬರಲೂ ಬೇಡಿ."

ಅವನು ಅದನ್ನು ಎತ್ತಿಕೊಂಡು ಹೋದ.

'ಒಂದು ಮಾತೂ ಇಲ್ಲವಲ್ಲ... ಕಲ್ಲು!'

ಎಂಟು ದಿನ ಅವಳು ಲೋಟ ಬೋರಲು ಹಾಕಿ ದುಂಡು ಎಳೆದಳು. ಎಳೆದದ್ದಕ್ಕಿಂತ ಬಾಗಿಲು ನೋಡಿದ್ದೇ ಹೆಚ್ಚು.

ಒಂಬತ್ತನೆಯ ದಿನ ಅವನು ಬಂದ. ಬೆರಳೆಲ್ಲ ಮಸಿ, ಮೂಗಿನ ಮೇಲೂ ಮಸಿ. ಒಂದು ಹಾಳೆ ಚಾಚಿದ.

"ಏನಿದು... ಬದನೆಕಾಯಾ?"

"ವೃತ್ತ," ಎಂದ ಸಣ್ಣ ದನಿಯಲ್ಲಿ. "ಕೈವಾರದಲ್ಲೇ ಎಳೆದೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಿ. ಹದಿನಾರು ವರ್ಷದಿಂದ ಕೂಡಿಡ್ತಿದ್ದೀನಿ, ಒಂದು ಗೀರೂ ಎಳೆದವನಲ್ಲ. ಪೆಟ್ಟಿಗೆ ತುಂಬಿತು, ಆದರೆ ಖುಷಿನೇ ಆಗಲಿಲ್ಲ. ಇಲ್ಲಿಗೆ ಬರೋಕೆ ಬೇರೆ ನೆಪ ಹುಡುಕಿದೆ, ಸಿಗಲಿಲ್ಲ."

"ಅದಕ್ಕೆ?"

"ಅದಕ್ಕೇ ನೆಪ ಇಲ್ಲದೆ ಬಂದೆ. ಮೂರನೇ ಅಂಗಿಯಿಂದ ನಾನು ಕೈವಾರ ನೋಡ್ತಾನೇ ಇರಲಿಲ್ಲ ಕಣ್ರೀ... ನಿಮ್ಮನ್ನು ನೋಡ್ತಿದ್ದೆ."

"ಅಬ್ಬಾ!" ಅತ್ತೆ ಗುಂಡಿಡಬ್ಬಿ ಕೆಳಗಿಟ್ಟಳು. "ಆರು ಅಂಗಿ ಆದಮೇಲೆ ಬಾಯಿ ಬಂತಪ್ಪ!" ಎನ್ನುತ್ತಾ ಒಳಗೆದ್ದು ಹೋದಳು.

ಅವನು ಜೇಬಿನಿಂದ ಕೈವಾರ ತೆಗೆದು ಮೇಜಿನ ಮೇಲಿಟ್ಟ. "ಎಳೆಯೋದು ಕಲಿಸ್ತೀರಾ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು. "ಸೂಜಿಕಾಲು ಗಟ್ಟಿಯಾಗಿ ಊರಿ. ಅಲ್ಲಾಡಬಾರದು."

"ಮತ್ತೆ ಬದನೆಕಾಯಿ ಆದರೆ?"

"ಆಗಲಿ ಬಿಡಿ," ಎಂದಳು ಮೆಲ್ಲಗೆ. "ನಾಳೆ ಬಂದು ಇನ್ನೊಂದು ಎಳೆದರಾಯ್ತು... ಎಳೀರಿ."