ಒಂದು ಸೆಕೆಂಡು ತಡ

ರಂಕಾಗ್ವಾ ಊರಿನ ಕೋಣೆಯೊಂದರಲ್ಲಿ ಕೂತು, ಆಂಡೀಸ್ ಬೆಟ್ಟದೊಳಗಿನ ತಾಮ್ರದ ಗಣಿಯಲ್ಲಿ ಅದಿರು ತುಂಬುವ ಯಂತ್ರ ಓಡಿಸುತ್ತೇನೆ. ಪರದೆಯ ಚಿತ್ರ ಮಸುಕು. ಬರುವುದೂ ಒಂದು ಸೆಕೆಂಡು ತಡ. ಚೂರು ಬಿಟ್ಟು, ನಿಲ್ಲಿಸಿ, ನೋಡಿ, ಮತ್ತೆ ಬಿಡಬೇಕು. ಅವಸರಪಟ್ಟರೆ ಗೋಡೆಗೆ ಗುದ್ದುತ್ತದೆ.

ಮೊದಲು ಆ ಯಂತ್ರದಲ್ಲೇ ಕೂತು ಓಡಿಸುತ್ತಿದ್ದವನು ನನ್ನ ಗಂಡ ನಿಬಾಲ್ದೊ. ಬಂಡೆ ಕುಸಿದಾಗ ಸುರಂಗದಲ್ಲೇ ಉಳಿದುಹೋದ.

ಸುರಂಗ ಹೊಗುವ ಮುನ್ನ ನಮ್ಮವರು ಯಂತ್ರದ ದೀಪವನ್ನು ಎರಡು ಸಲ ಮಿಟುಕಿಸುತ್ತಾರೆ. ಒಳಗಿದ್ದವರು ತಲೆದೀಪ ಎತ್ತಿ ತೋರಿಸಿದರೆ ಯಂತ್ರ ಅಲ್ಲೇ ಕಾಯಬೇಕು. ಈಗ ಒಳಗೆ ಯಾರೂ ಇರುವುದಿಲ್ಲ. ಆದರೂ ಮಿಟುಕಿಸುತ್ತೇನೆ.

ಒಂದು ಮಧ್ಯಾಹ್ನ, ನಿಬಾಲ್ದೊ ಉಳಿದುಹೋದ ಸುರಂಗದ ಬಾಯಲ್ಲಿ, ನನ್ನ ಬೆರಳು ಗುಂಡಿಗೆ ತಾಗುವ ಮೊದಲೇ ಪರದೆಯಲ್ಲಿ ದೀಪ ಎರಡು ಸಲ ಮಿಟುಕಿತು. ದೂರದ ಧೂಳಿನಲ್ಲಿ ಪುಟ್ಟ ಬೆಳಕೊಂದು ನಿಧಾನವಾಗಿ ಮೇಲೆದ್ದಿತು.

“ಧೂಳು ಕಣಮ್ಮಾ ಎಲಿಯಾನಾ,” ಎಂದರು ಮೇಲ್ವಿಚಾರಕ ದೋನ್ ಕಿಂತೀನ್. “ಈ ದರಿದ್ರ ಕೇಬಲ್‌ನಲ್ಲಿ ನಂಗೂ ಒಂದಿನ ನಮ್ಮತ್ತೆ ಕಂಡಿದ್ರು. ಹೊಸದು ಹಾಕಿಸ್ತೀನಿ ಬಿಡು.”

“ಬೇಡ ದೋನ್ ಕಿಂತೀನ್, ಇದೇ ಇರ್ಲಿ.”

ಹಾಕಿಸಿಯೇಬಿಟ್ಟರು. ಈಗ ಚಿತ್ರ ಕನ್ನಡಿಯ ಹಾಗಿದೆ. ಕೈ ಆಡಿದಂತೆ ಯಂತ್ರ ಆಡುತ್ತದೆ. ನಿಬಾಲ್ದೊನ ಸುರಂಗದ ಬಾಯಲ್ಲಿ ಮಾತ್ರ, ದೀಪ ಮಿಟುಕಿಸಿದ ಮೇಲೆ ನಾನು ಹಿಡಿಕೆ ಎಷ್ಟು ದೂಡಿದರೂ ಯಂತ್ರ ಒಂದು ಸೆಕೆಂಡು ನಿಂತು ಕಾಯುತ್ತದೆ. ಪರದೆಯಲ್ಲಿ ಏನೂ ಕಾಣುವುದಿಲ್ಲ.

ನಾನಿನ್ನೂ ಯಾರಿಗೂ ದೂರು ಕೊಟ್ಟಿಲ್ಲ.