ಎರಡು ತಾಸಿನ ದಿಲ್ಲಿ

ಹೆಣ್ಣು ನೋಡಲು ಬಂದವನು ಹೆಣ್ಣನ್ನು ನೋಡಬೇಕು. ಹಲಸಂಗಿಯ ಕಲ್ಮೇಶ ಸಿಂದಗಿಯ ನಮ್ಮ ಮನೆಗೆ ಬಂದು ನೋಡುತ್ತ ಕೂತದ್ದು ತನ್ನ ಫೋನನ್ನು. ನಮ್ಮ ಇಂಡಿ ತಾಲೂಕಿನ ನಿಂಬೆಹಣ್ಣನ್ನು ದಿಲ್ಲಿಯಲ್ಲಿ ಮಾರುತ್ತಾನಂತೆ. ಜಂಬ ನೋಡಿದರೆ ಕೆಂಪುಕೋಟೆಯನ್ನೇ ಮಾರುವವನ ಹಾಗಿತ್ತು.

"ಮಗಳನ್ನ ಅಷ್ಟು ದೂರ ಹೆಂಗ ಕೊಡೂದ್ರಿ?" ಎಂದರು ನಮ್ಮಪ್ಪ ಚನ್ನಬಸಯ್ಯ.

"ದೂರ ಎಲ್ಲೈತ್ರಿ ಮಾವಾರ? ಪುಣೆದಿಂದ ದಿಲ್ಲಿಗೆ ವಿಮಾನದಾಗ ಬರೇ ಎರಡ ತಾಸು!"

ಮಾವನಂತೆ! ನಾನಿನ್ನೂ ಚಹಾ ಕೊಟ್ಟಿರಲಿಲ್ಲ.

"ಸಿಂದಗಿಯಿಂದ ಪುಣೆಗೆ ಎಷ್ಟ್ರಿ?" ಎಂದೆ ನಾನು, ಕಪ್ಪು ಮುಂದಿಡುತ್ತ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು ನಾನು. ನಕಾಶೆಯನ್ನು ಅರ್ಧ ಮಡಚಿ ತೋರಿಸುವವರನ್ನು ಕಂಡರೆ ಮೈ ಉರಿಯುತ್ತದೆ.

ಅವನು ತಲೆಯೆತ್ತಿದ. ಕಣ್ಣು ಚೆನ್ನಾಗಿದ್ದವು, ಅದು ಬೇರೆ ಮಾತು.

"ಅದೇನ್ರಿ... ಸಣ್ಣ ದಾರಿ," ಎಂದು ತೊದಲಿ ಚಹಾದಲ್ಲಿ ನಾಲಿಗೆ ಸುಟ್ಟುಕೊಂಡ. ನನಗೆ ನಗು ಬಂತು, ಅವನಿಗೂ ಬಂತು. ಅಲ್ಲಿಗೆ ನಾನು ಕೆಟ್ಟೆ. ನನ್ನ ಮನಸ್ಸಿಗೆ ಇಂಥ ಬಡಾಯಿಕೋರನೇ ಸಿಗಬೇಕಿತ್ತೇ?

ಊಟ ಮುಗಿಸಿ ನಮ್ಮ ಮನೆಯಿಂದಲೇ ಅವನು ದಿಲ್ಲಿಗೆ ಹೊರಟ. ಆಮೇಲೆ ಮೂರು ವಾರ ಸುದ್ದಿಯೇ ಇಲ್ಲ. ದಿಲ್ಲಿಯ ದೊರೆಗೆ ಸಿಂದಗಿಯ ಟೀಚರ್ ಸಾಲಲಿಲ್ಲವೇನೋ ಎಂದು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಅಷ್ಟರಲ್ಲಿ ಅಪ್ಪ ಮುದ್ದೇಬಿಹಾಳದ ಗೊಬ್ಬರದಂಗಡಿಯವನನ್ನು ಗೊತ್ತು ಮಾಡಿದರು. ನಾಳೆ ಅವರು ಮಾತು ಮುಗಿಸಲು ಬರುವವರು. ಅವನ ಹೆಂಡತಿಯಾಗುವುದನ್ನು ನೆನೆದರೆ ಅಳು ಬರುತ್ತಿತ್ತು. ಕೊನೆಗೆ ಮಾನ ಬಿಟ್ಟು ನಾನೇ ಕಲ್ಮೇಶನಿಗೆ ಫೋನ್ ಮಾಡಿದೆ.

"ಸುಟ್ಟ ನಾಲಿಗಿ ಇನ್ನೂ ಮಾಯ್ದಿಲ್ಲೇನು? ಒಲ್ಲೆ ಅನ್ನಾಕೂ ಬಾಯಿ ಬರಲಿಲ್ಲ?"

"ಒಲ್ಲೆ ಅಂದವರು ನೀವ ಅಲ್ಲೇನ್ರಿ?" ಅವನ ದನಿ ಸೋತಿತ್ತು. "ದಿಲ್ಲಿಗೆ ಹೊಂಟವಗ ಒಂದ ರೊಟ್ಟಿನೂ ಬುತ್ತಿ ಕಟ್ಟಲಿಲ್ಲ. ನನಗಷ್ಟೂ ತಿಳಿಯೂದಿಲ್ಲೇನು?"

ದೂರದೂರಿಗೆ ಹೊರಟ ವರನನ್ನು ಬುತ್ತಿಯಿಲ್ಲದೆ ಕಳಿಸಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಈ ಸಂಬಂಧ ಬೇಡ. ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಬುತ್ತಿ ಯಾಕೆ ಕಟ್ಟಲಿಲ್ಲವೆಂದು ಅಜ್ಜಿ ಕಸ್ತೂರೆವ್ವನನ್ನು ಕೇಳಿದೆ.

"ಎರಡ ತಾಸಿನ ದಾರಿಗೆ ಯಾರರ ಬುತ್ತಿ ಕಟ್ತಾರೇನ?" ಎಂದಳು ಅಜ್ಜಿ. "ಅವನ ಅಂದನಲ್ಲ! ಉಂಡದ್ದು ಅರಗೂದರಾಗ ಮನಿ ಮುಟ್ಟತಾನ ಅಂದ್ಕೊಂಡೆ. ಹುಡುಗ ಛಲೋ ಇದ್ದ."

ಅವನಿಗೆ ಎಲ್ಲವೂ ಕೇಳಿಸಿತ್ತು.

"ಕೇಳಿದ್ಯಾ ಶಾಣ್ಯಾ?" ಎಂದೆ. ಬಹುವಚನ ಅಲ್ಲಿಗೆ ಬಿಟ್ಟುಹೋಯಿತು. "ಈಗರ ಖರೆ ಹೇಳು. ನಮ್ಮ ಮನಿಯಿಂದ ನಿನ್ನ ಮನಿ ಮುಟ್ಟಾಕ ಎಷ್ಟ ಹೊತ್ತು?"

"ಸೋಲಾಪುರಕ್ಕ ಬಸ್ಸು, ಅಲ್ಲಿಂದ ಪುಣೆ, ವಿಮಾನ ಬ್ಯಾರೆ ತಡ ಆಗತೈತಿ, ಮ್ಯಾಲ ದಿಲ್ಲಿ ಟ್ರಾಫಿಕ್ಕು..." ಅವನು ನಿಟ್ಟುಸಿರು ಬಿಟ್ಟ. "ಹದಿನೆಂಟು ತಾಸ್ರಿ. ದಾರಿಯುದ್ದಕ್ಕೂ ಏನೂ ತಿನ್ನಾಕ ಮನಸ್ಸ ಬರಲಿಲ್ಲ. ದೂರ ಅಂದ್ರ ನೀವು ಒಲ್ಲೆ ಅಂತೀರಂತ ಅಂಜಿ ಹಂಗ ಅಂದಿದ್ನಿ."

ಇಷ್ಟು ದಿನ ಸಾಕಿಕೊಂಡಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅವನ ಮೇಲೆ ಇಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

"ದೂರ ಐತಿ ಅಂತ ಖರೆ ಹೇಳಿದ್ದರ ಅವತ್ತ ಹೂಂ ಅಂತಿದ್ನಿ, ಹುಚ್ಚಾ."

"ಈಗ?"

"ಈಗ ಫೋನ್ ಇಡು. ಅಪ್ಪನ ಕೂಡ ಮಾತಾಡೂದೈತಿ."

ಅಪ್ಪ ಪಡಸಾಲೆಯಲ್ಲಿ ಹೊಸ ಚಾದರ ಹಾಸಿಸುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಅಪ್ಪಾ, ಮುದ್ದೇಬಿಹಾಳದವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು. ದಿಲ್ಲಿ ಭಾಳ ದೂರ ಐತಿ. ನಾ ಅಲ್ಲಿಗೇ ಹೋಗತೇನಿ."