ಹೂವಿನ ಕೈಗವಸು

"ಟೀಚರ್, ಸೂಜಿ ಒಳಗೆ ಹೋಗುವುದೇ ಇಲ್ಲ!"

ಆನಿ ಗೋಣಿತಟ್ಟನ್ನು ಮೊಣಕಾಲಿನ ಮೇಲಿಟ್ಟು, ಹಲ್ಲು ಕಚ್ಚಿ ಸೂಜಿ ಒತ್ತುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿಯರೆಲ್ಲರದೂ ಅದೇ ಪಾಡು. ನಾಲ್ಕು ಪದರ ಗೋಣಿ, ದಬ್ಬಣದಂಥ ಸೂಜಿ, ಹುರಿಯಂಥ ನೂಲು.

"ಹೋಗದಿದ್ದರೆ ಹೋಗುವ ಹಾಗೆ ಮಾಡಬೇಕು," ಎಂದರು ಹೆಲನ್ ಟೀಚರ್. "ಕರ್ಚೀಫಿನ ಮೇಲೆ ಗಿಳಿ ಹೊಲಿದಷ್ಟು ಸುಲಭ ಅಲ್ಲ ಇದು. ನಾಲ್ಕು ಪದರ ಅಂದರೆ ನಾಲ್ಕೇ. ಒಂದೂ ಕಡಿಮೆ ಮಾಡಬಾರದು."

ಟೀಚರರ ಅಣ್ಣ ಅಲ್ಫೋನ್ಸ್ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಲ್ಲಿ ಹೆಂಚು ಸುಡುವ ಒಲೆ ಮನೆಯ ಒಲೆಯ ಹಾಗಲ್ಲ, ಒಂದು ಕೋಣೆಯಷ್ಟು ದೊಡ್ಡದು. ಬೆಂದ ಹೆಂಚು ಪೂರ್ತಿ ಆರುವವರೆಗೆ ಕಾಯಲು ಕಾರ್ಖಾನೆಗೆ ಪುರುಸೊತ್ತಿಲ್ಲ. ಬಿಸಿ ಇರುವಾಗಲೇ ಆಳುಗಳು ಒಳಗೆ ಹೊಕ್ಕು, ಬರಿಗೈಯಲ್ಲಿ ತೆಗೆದು, ಕೈಯಿಂದ ಕೈಗೆ ದಾಟಿಸಬೇಕು. ಬೊಬ್ಬೆ ಬಂದ ಆ ಕೈಗಳನ್ನು ನೋಡಿ ನೋಡಿ ಸಾಕಾಗಿ ಅಲ್ಫೋನ್ಸ್ ಧಣಿಗಳ ಹತ್ತಿರ ಹಳೆಯ ಗೋಣಿಗಳನ್ನು ಕೇಳಿ ತಂದಿದ್ದರು. ಅವುಗಳಿಂದ ಕೈಗವಸು ಹೊಲಿಯುವ ಕೆಲಸ ತಂಗಿಯ ಕ್ಲಾಸಿಗೆ ಬಂದಿತ್ತು.

"ಒಂದು ಸಲ ನೋಡುವ. ಸರಿಯಾಗದಿದ್ದರೆ ಮತ್ತೆ ಈ ಮಾತು ತೆಗೆಯಬಾರದು," ಎಂದಿದ್ದರಂತೆ ಧಣಿಗಳು.

"ಕೂಲಿಯವರ ಕೈಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?" ಶಶಿಪ್ರಭಾ ಪಿಸುಗುಟ್ಟಿದಳು. "ಅವರ ಕೈಯೇ ಗೋಣಿಯ ಹಾಗೆ ಇರ್ತದೆ!"

ಪಕ್ಕದಲ್ಲಿ ಕೂತಿದ್ದ ಹೇಮಾಕ್ಷಿ ನಕ್ಕುಬಿಟ್ಟಳು. ನಕ್ಕ ಮೇಲೆ ಅವಳ ಕಿವಿ ಬಿಸಿಯಾಯಿತು. ಅವಳ ಅಪ್ಪ ನೋಣಯ್ಯ ಕೆಲಸ ಮಾಡುತ್ತಿದ್ದದ್ದು ಅದೇ ಒಲೆಯಲ್ಲಿ. ಕ್ಲಾಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವಳೇ ನೋಡಿಕೊಂಡಿದ್ದಳು.

ಗೋಣಿಯ ನಾರು ಬೆರಳಿಗೆ ಚುಚ್ಚುತ್ತಿತ್ತು. ಅದರ ವಾಸನೆ ಬಟ್ಟೆಗೆಲ್ಲ ಹಿಡಿದಿತ್ತು. ಶಶಿಪ್ರಭಾಳ ಕಣ್ಣೆದುರು ಹೀಗೆ ಗೋಣಿ ಹಿಡಿದು ಕೂರುವುದೇ ಹೇಮಾಕ್ಷಿಗೆ ಬೇಡವಾಗಿತ್ತು. ಬೇಗ ಮುಗಿಸಬೇಕು, ಎಲ್ಲರದಕ್ಕಿಂತ ಚಂದವೂ ಕಾಣಬೇಕು.

ಸ್ಕೂಲಿನ ಹಿತ್ತಿಲಲ್ಲಿ ಬೂರುಗದ ಮರವಿತ್ತು. ಆಗ ಕಾಯಿ ಒಡೆದು, ಬಿಳಿ ಹತ್ತಿ ಅಂಗಳದ ತುಂಬ ಹಾರಾಡುವ ಕಾಲ. ಮಧ್ಯಾಹ್ನದ ಬಿಡುವಿನಲ್ಲಿ ಹೇಮಾಕ್ಷಿ ಆ ಹತ್ತಿಯನ್ನು ಲಂಗದ ಮಡಿಲಿನಲ್ಲಿ ತುಂಬಿಕೊಂಡು ಬಂದಳು. ಗೋಣಿಯ ಎರಡೇ ಪದರ ಇಟ್ಟು, ನಡುವೆ ಹತ್ತಿ ತುರುಕಿದಳು. ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಉಳಿದ ಹೊತ್ತಿನಲ್ಲಿ ಕೆಂಪು ನೂಲಿನಿಂದ ಬೆನ್ನಿನ ಮೇಲೊಂದು ಹೂವನ್ನೂ ಹೊಲಿದಳು.

"ಇಲ್ಲಿ ನೋಡಿ, ಎಷ್ಟು ದಪ್ಪ! ಎಷ್ಟು ಚಂದ!" ಟೀಚರ್ ಅವಳ ಕೈಗವಸನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು.

ಒಳಗೆ ಏನಿದೆಯೆಂದು ಹೇಳಬಹುದಿತ್ತು. ಹೇಮಾಕ್ಷಿ ಹೇಳಲಿಲ್ಲ.

ಕೈಗವಸುಗಳು ಕಾರ್ಖಾನೆಗೆ ಹೋದವು. ಹೆಂಚು ಬೆಂದು ಒಲೆ ತೆರೆದ ದಿನ ಸಂಜೆ ಹೇಮಾಕ್ಷಿ ಆಟ ಮುಗಿಸಿ ಬಂದಾಗ ಮನೆಯ ಜಗಲಿಯಲ್ಲಿ ಅಪ್ಪನ ಜೊತೆಗಾರ ಮಾಯಿಲಪ್ಪ ಕೂತಿದ್ದ. ಅವನ ಬಲಗೈಯ ಅಂಗೈ ಕೆಂಪಗೆ ಸುಲಿದಿತ್ತು. ಅಮ್ಮ ದೇಯಿ ಸುಣ್ಣದ ತಿಳಿನೀರಿಗೆ ತೆಂಗಿನೆಣ್ಣೆ ಬೆರೆಸಿ, ಬಾಳೆಲೆಯ ತುಂಡಿನ ಮೇಲೆ ಸುರಿದುಕೊಂಡು ಹಚ್ಚುತ್ತಿದ್ದಳು.

"ಎಂತಾಯ್ತು ಮಾಮ?"

"ಮದುಮಗನಾಗಲು ಹೋದೆ ಮಗಾ," ಎಂದ ಮಾಯಿಲಪ್ಪ. ನಗಲು ನೋಡಿ ಮುಖ ಕಿವಿಚಿದ.

"ಸ್ಕೂಲಿನಿಂದ ಕೈಗವಸು ಬಂದಿತ್ತಲ್ಲ," ಎಂದ ಅಪ್ಪ. "ಅದರಲ್ಲಿ ಒಂದಕ್ಕೆ ಕೆಂಪು ಹೂವು ಇತ್ತು. ಇವನು, ಅದು ನನಗೇ ಬೇಕು ಅಂತ ಎಳೆದುಕೊಂಡ. ನಾವೆಲ್ಲ ಮದುಮಗ, ಮದುಮಗ ಅಂತ ಕುಶಾಲು ಮಾಡಿದೆವು. ಯಾವುದೋ ಹೆಂಚಿನ ಮೂಲೆಯಲ್ಲಿ ಕೆಂಡದ ಚೂರು ಇತ್ತು. ತಾಗಿದ್ದೇ ತಡ, ಭಗ್ ಅಂತ ಹಿಡಿಯಿತು. ಒಳಗೆ ಎಂತ ಇತ್ತೋ ದೇವರಿಗೇ ಗೊತ್ತು."

"ಬರಿಗೈಯಾದರೆ ಸುಡುವಾಗ ಹೆಂಚು ಬಿಟ್ಟುಬಿಡಬಹುದು," ಎಂದ ಮಾಯಿಲಪ್ಪ. "ಕೈಯನ್ನೇ ಚೀಲದೊಳಗೆ ಹಾಕಿಕೊಂಡರೆ ಬಿಡುವುದು ಹೇಗೆ? ಎಲ್ಲರೂ ಹೆದರಿ ಬಿಚ್ಚಿ ಬಿಸಾಡಿದರು. ನಮಗೆ ನಮ್ಮ ಚರ್ಮವೇ ಸಾಕಪ್ಪ."

"ಅಪ್ಪ, ನೀವೂ ಬಿಸಾಡಿದಿರಾ?"

"ಎಲ್ಲರೂ ಬೇಡ ಎಂದ ಮೇಲೆ ನಾನೊಬ್ಬ ಹಾಕಿಕೊಂಡು ಕೂರುವುದಾ? ನಾಳೆ ಬೆಳಿಗ್ಗೆ ಮೇಸ್ತ್ರಿ ಹೋಗಿ ಧಣಿಗಳಿಗೆ ಹೇಳ್ತಾರಂತೆ. ಅಲ್ಲಿಗೆ ಮುಗಿಯಿತು."

"ಪಾಪ, ಯಾವ ಮಗು ಹೊಲಿದದ್ದೋ," ಎಂದ ಮಾಯಿಲಪ್ಪ ಕೈಗೆ ಬಟ್ಟೆ ಸುತ್ತಿಸಿಕೊಳ್ಳುತ್ತ. "ಹೂವು ಮಾತ್ರ ಭಾರೀ ಚಂದ ಇತ್ತು."

ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೇಮಾಕ್ಷಿ ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತಳು. ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು.

ಬೆಳಿಗ್ಗೆ ಅಪ್ಪ ಗಂಜಿ ಕುಡಿದು, ತಲೆಗೆ ಬಟ್ಟೆ ಸುತ್ತಿ ಹೊರಟ. ಹೇಮಾಕ್ಷಿ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪ, ಹೂವಿನದ್ದು ನಾನು ಹೊಲಿದದ್ದು."

ಅಪ್ಪ ಹೊಸ್ತಿಲ ಮೇಲೆಯೇ ನಿಂತ.

"ನಾಲ್ಕು ಪದರ ಹಾಕಬೇಕಿತ್ತು. ನಾನು ಬೂರುಗದ ಹತ್ತಿ ತುಂಬಿಸಿದೆ. ಉಳಿದದ್ದು ಯಾವುದರಲ್ಲೂ ಹತ್ತಿ ಇಲ್ಲ."

"ನಮ್ಮ ಒಲೆಗೇ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನುವುದು ಸುಲಭವಿತ್ತು. "ಗೊತ್ತಿತ್ತು," ಎಂದಳು.

ಅಪ್ಪ ಕೈಯೆತ್ತಲಿಲ್ಲ, ದನಿಯೂ ಎತ್ತಲಿಲ್ಲ. "ನಡೆ," ಎಂದಷ್ಟೇ ಹೇಳಿ ಮುಂದೆ ಹೋದ. ದಾರಿಯುದ್ದಕ್ಕೂ ಅವನು ಹಿಂದೆ ತಿರುಗಿ ನೋಡಲಿಲ್ಲ. ಹೇಮಾಕ್ಷಿ ಅವನ ಹಿಮ್ಮಡಿ ನೋಡುತ್ತ ನಡೆದಳು.

ಒಲೆಯ ಮುಂದೆ ಆಳುಗಳು ವೀಳ್ಯ ಜಗಿಯುತ್ತ ಕೂತಿದ್ದರು. ಮಾಯಿಲಪ್ಪನೂ ಬಟ್ಟೆ ಸುತ್ತಿದ ಕೈ ಎದೆಗೆ ಹಿಡಿದುಕೊಂಡು ಬಂದಿದ್ದ. ಮೂಲೆಯಲ್ಲಿ ಕೈಗವಸುಗಳ ರಾಶಿ ಬಿದ್ದಿತ್ತು. ಅಲ್ಫೋನ್ಸ್ ಮೇಸ್ತ್ರಿ ಆಫೀಸಿನ ಕಡೆ ಹೊರಟಿದ್ದರು.

"ಮೇಸ್ತ್ರಿಗಳೇ, ಒಂದು ನಿಮಿಷ," ಎಂದ ಅಪ್ಪ. "ಮಗಳು ಎಂತದೋ ಹೇಳ್ತಾಳಂತೆ."

ಹೇಮಾಕ್ಷಿ ಹೇಳಿದಳು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

"ಬೂರುಗದ ಹತ್ತಿಯಾ?" ಒಬ್ಬ ತೊಡೆ ತಟ್ಟಿ ನಕ್ಕ. "ಒಲೆ ಕೆಲಸಕ್ಕೆ ತಲೆದಿಂಬು ಕಳಿಸಿದ್ದಾಳಲ್ಲ ಮಾರಾಯ, ನೋಣಯ್ಯನ ಮಗಳು!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ. ಅವನ ತಲೆ ಹಾಗೆ ತಗ್ಗಿದ್ದನ್ನು ಹೇಮಾಕ್ಷಿ ಅದುವರೆಗೆ ನೋಡಿರಲಿಲ್ಲ. ನೆಲ ಬಾಯಿಬಿಟ್ಟರೆ ಹೋಗಿಬಿಡುವ ಎನ್ನಿಸಿತು ಅವಳಿಗೆ.

ಅವಳು ಓಡಿ ಹೋಗಿ ರಾಶಿಯಿಂದ ಒಂದು ಕೈಗವಸು ಎಳೆದಳು. ಯಾರು ಹೊಲಿದದ್ದೋ, ನೋಡಲಿಲ್ಲ. ಹಲ್ಲಿನಿಂದ ನೂಲು ಕಚ್ಚಿ ಬಿಚ್ಚಿದಳು.

"ನೋಡಿ, ನಾಲ್ಕು ಪದರ. ಬರೀ ಗೋಣಿ. ಉಳಿದದ್ದೆಲ್ಲ ಹೀಗೇ ಉಂಟು. ಹಾಳು ಮಾಡಿದ್ದು ನಾನೊಬ್ಬಳೇ."

ಅಲ್ಫೋನ್ಸ್ ಇಕ್ಕಳದಲ್ಲಿ ಒಂದು ಕೆಂಡದ ಚೂರು ತಂದು ಅದರ ಮೇಲಿಟ್ಟರು. ಮೇಲಿನ ಪದರ ಮೆಲ್ಲಗೆ ಕಪ್ಪಾಯಿತು, ಹೊಗೆ ಬಂತು. ಭಗ್ ಎನ್ನಲಿಲ್ಲ. ಕೆಂಡವನ್ನು ಕೊಡವಿ ಹಾಕುವಷ್ಟು ಸಮಯ ಇತ್ತು. ನಕ್ಕವರು ಈಗ ಕತ್ತು ಚಾಚಿ ನೋಡಿದರು.

ಕೊನೆಗೆ ಮಾಯಿಲಪ್ಪನೇ ಬಾಯಿ ತೆರೆದ.

"ಮೇಸ್ತ್ರಿಗಳೇ, ಧಣಿಗಳ ಹತ್ತಿರ ಈಗಲೇ ಹೋಗುವುದು ಬೇಡ. ಇನ್ನೊಂದು ಸಲ ಒಲೆ ತೆರೆಯುವಾಗ ನೋಡುವ." ಆಮೇಲೆ ಹೇಮಾಕ್ಷಿಯ ಕಡೆ ತಿರುಗಿದ. "ನನಗೆ ಬೇರೆ ಹೊಲಿದು ಕೊಡ್ತೀಯಾ?"

"ನಾನಾ?"

"ಮತ್ತೆ ಯಾರು? ನನ್ನದನ್ನು ಸುಟ್ಟದ್ದು ನೀನಲ್ಲವಾ? ಹೂವು ಬೇಡ ಮಾರಾಯ್ತಿ, ಪದರ ಸರಿ ಇರಲಿ."

ಅಲ್ಫೋನ್ಸ್ ಒಂದು ಗೋಣಿ ತಂದು ನೆಲದ ಮೇಲೆ ಹಾಸಿದರು. ಮಾಯಿಲಪ್ಪ ಕುಕ್ಕರುಗಾಲಿನಲ್ಲಿ ಕೂತು, ಸುಡದ ಎಡಗೈಯನ್ನು ಅದರ ಮೇಲಿಟ್ಟ. ಹೇಮಾಕ್ಷಿ ಇದ್ದಿಲಿನ ತುಂಡು ಹಿಡಿದು ಕೈಯ ಸುತ್ತ ಗೆರೆ ಎಳೆಯತೊಡಗಿದಳು. ಟೀಚರ್ ತಮ್ಮ ಕೈಯ ಅಳತೆಗೆ ಕತ್ತರಿಸಿ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದು ಎಷ್ಟೋ ಅಗಲ.

ಗೋಣಿ ಜಾರದ ಹಾಗೆ ಅಪ್ಪ ಅದರ ಅಂಚನ್ನು ಒತ್ತಿ ಹಿಡಿದ. ಅವನ ಹೆಬ್ಬೆರಳು ಅವಳ ಕಣ್ಣೆದುರೇ ಇತ್ತು. ಅದಕ್ಕೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ನಯವಾದ, ಹೊಳೆಯುವ ಚರ್ಮ.

"ಅಪ್ಪ, ಇದು ಯಾವಾಗ ಆದದ್ದು?"

"ಯಾವುದು? ಅದಾ?" ಅಪ್ಪನೂ ಈಗಷ್ಟೇ ಕಂಡವನ ಹಾಗೆ ನೋಡಿದ. "ನೀನು ಹುಟ್ಟುವ ಮೊದಲೇ ಆದದ್ದು."

ಆ ಕೈ ಅವಳಿಗೆ ತುತ್ತು ಕೊಟ್ಟಿತ್ತು. ಸ್ಕೂಲಿಗೆ ಸೇರಿಸಿದ ದಿನ ಅವಳ ಕೈ ಹಿಡಿದುಕೊಂಡು ಬಂದಿತ್ತು.

ಹೇಮಾಕ್ಷಿ ಮಾಯಿಲಪ್ಪನ ಕೈಯ ಗೆರೆ ಮುಗಿಸಿ, ಗೋಣಿಯ ಇನ್ನೊಂದು ಬದಿಯ ಮಣ್ಣು ಕೊಡವಿದಳು.

"ಅಪ್ಪ, ನಿಮ್ಮ ಕೈಯೂ ಇಡಿ."

ಅಪ್ಪ ಕೈಯನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡ, ಮಗಳ ಮುಂದೆ ಇಡಲು ನಾಚಿದವನ ಹಾಗೆ. ಆಮೇಲೆ ಇಟ್ಟ.

ಹೇಮಾಕ್ಷಿ ಅವಸರ ಮಾಡಲಿಲ್ಲ. ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, ಸುತ್ತಲೂ ಮೆಲ್ಲಗೆ ಗೆರೆ ಎಳೆದಳು.